ಹಾಕಬಾರದ ಫ್ರಿಜ್

ಬೆಟ್ಟದ ಮೇಲಿನ ಊರು ಹುಬ್ಬತಲೈಯಲ್ಲಿ ನಾನಿದ್ದ ಬಾಡಿಗೆ ಮನೆಯಲ್ಲಿ ಓನರಮ್ಮನ ಫ್ರಿಜ್ ಇತ್ತು. "ಈ ಚಳಿಗೆ ಅದನ್ನ ಹಾಕಬೇಡಿ ಸಾರ್, ಕರೆಂಟ್ ದಂಡ" ಎಂದು ಆಕೆ ಮೊದಲ ದಿನವೇ ಹೇಳಿದ್ದರು. ಸರಿ, ಎರಡು ವರ್ಷ ಅದರಲ್ಲಿ ಕಂಬಳಿ, ಸ್ವೆಟರ್ ಇಟ್ಟುಕೊಂಡೆ.

ವರ್ಗವಾಗಿ ಮನೆ ಬಿಡುವ ದಿನ ಆಕೆ ಬಂದು ಸ್ವಿಚ್ ಒತ್ತಿದರು. ಫ್ರಿಜ್ ಉಸಿರೆತ್ತಲಿಲ್ಲ.

"ರಿಪೇರಿ ಖರ್ಚು ಅಡ್ವಾನ್ಸಲ್ಲಿ ಹಿಡ್ಕೋತೀನಿ."

"ಅಮ್ಮಾ, ನಾನು ಒಂದು ದಿನವೂ ಹಾಕಿಲ್ಲವಲ್ಲ!"

"ಅದಕ್ಕೇ ಕೆಟ್ಟಿದೆ. ಮೆಷಿನ್ನನ್ನ ಸುಮ್ಮನೆ ಬಿಟ್ಟರೆ ಕೆಡದೆ ಇರುತ್ತಾ?"

"ಹಾಕಬೇಡಿ ಅಂದವರು ನೀವೇ ತಾನೆ?"

"ಹಾಕಬೇಡಿ ಅಂದೆ. ಕೆಡಿಸಿ ಅಂದೆನಾ?"

ಸಾಮಾನು ಲಾರಿಗೆ ಏರಿಸುವಷ್ಟರಲ್ಲಿ ಮುಂದಿನ ಬಾಡಿಗೆದಾರ ಮನೆ ನೋಡಲು ಬಂದ.

"ಫ್ರಿಜ್ಜೂ ಇದೆ ಸಾರ್. ಈ ಚಳಿಗೆ ಹಾಕಬೇಡಿ ಅಷ್ಟೇ."

ಎಂಥಾ ಒಳ್ಳೇ ಓನರ್ ಸಿಕ್ಕರು ಎಂಬ ಮುಖದಲ್ಲಿ ಆತ ತಲೆಯಾಡಿಸಿದ. ಎರಡು ವರ್ಷದ ಹಿಂದೆ ಆ ಮುಖ ನನ್ನದಾಗಿತ್ತು.