ಕೈ ಕಳೆದುಕೊಂಡ ಹಡಗು

ನಮ್ಮ ಶಿಗ್ಗಾಂವಿಯ ಮನೆಯಲ್ಲಿ ಸಮುದ್ರ ನೋಡಿದವನು ಕಾಕಾ ಒಬ್ಬನೇ. ಅಪ್ಪನ ತಮ್ಮ. ಕಾಳಿನ ಅಂಗಡಿಯಲ್ಲಿ ಕೂರಲು ಮನಸ್ಸಿಲ್ಲದೆ, ಮದುವೆಯಾದ ಎರಡನೆಯ ವರ್ಷವೇ ಹುಬ್ಬಳ್ಳಿಯಿಂದ ರೈಲು ಹತ್ತಿ ಮುಂಬಯಿಗೆ ಹೋದ. ಅಲ್ಲಿಂದ ಹಡಗು ಹತ್ತಿಬಿಟ್ಟ. ಹಡಗಿನ ಹೊಟ್ಟೆಯಲ್ಲಿ ನಿಂತು ಒಲೆಗೆ ಕಲ್ಲಿದ್ದಲು ಎತ್ತಿ ಹಾಕುವ ಕೆಲಸ. ವಿಲಾಯತಿಯ ಕಾರ್ಡಿಫ್ ಎಂಬ ಬಂದರಿನಲ್ಲಿ ಒಬ್ಬ ಬಿಳಿ ಮುದುಕಿಯ ಮನೆಯಲ್ಲಿ ಬಾಡಿಗೆಯ ಕೋಣೆ ಹಿಡಿದಿದ್ದ.

ಅವನ ಕಾಗದ ಆರು ತಿಂಗಳಿಗೊಂದು ಬರುತ್ತಿತ್ತು. ಅಪ್ಪ ಅದನ್ನು ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದ. ಅಲ್ಲಿ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇವೆಯಂತೆ. ಒಗೆದು ಹಾಕಿದ ಬಟ್ಟೆ ಒಣಗುವುದರೊಳಗೆ ಇದ್ದಿಲ ಪುಡಿ ಕುಳಿತು ಮತ್ತೆ ಕಪ್ಪಾಗುತ್ತದಂತೆ. ಮಂಜು ಮುಸುಕಿದ ದಿನ ಹಡಗುಗಳು ಕರು ಸತ್ತ ಎಮ್ಮೆಯ ಹಾಗೆ ಒದರುತ್ತವಂತೆ. ಹುರಿದ ಮೀನನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಜನ ಬೀದಿಯಲ್ಲೇ ತಿನ್ನುತ್ತಾರಂತೆ.

"ತಾನು ತಿಂದಿಲ್ಲ ಅಂತ ಬರದಾನೇನು?" ಎಂದು ಆಯಿ, ಅಂದರೆ ಅಪ್ಪನ ತಾಯಿ, ಕೇಳಿದಳು.

"ಹಂಗೇನೂ ಬರದಿಲ್ಲ."

"ಹಂಗಾರ ಆ ಸಾಲು ಮತ್ತ ಓದಬ್ಯಾಡ."

ಕಾಗದ ಶುರುವಾಗುತ್ತಿದ್ದುದು "ಮಾತೋಶ್ರೀಯವರಿಗೆ" ಎಂದು, ಮುಗಿಯುತ್ತಿದ್ದುದು "ಮನೆಯವರಿಗೆಲ್ಲ ಶರಣು" ಎಂದು. ಹೆಂಡತಿ ಆ 'ಎಲ್ಲ'ದೊಳಗೇ ಸೇರಿದ್ದಳು. ಅವಳು ನನ್ನ ಚಿಗವ್ವ. ಹಂಸಭಾವಿಯ ಹೆಣ್ಣುಮಗಳು, ಆಗ ಇಪ್ಪತ್ತೆರಡೋ ಇಪ್ಪತ್ಮೂರೋ. ನನ್ನ ಅವ್ವ ವರ್ಷದಲ್ಲಿ ಎಂಟು ತಿಂಗಳು ಹಾಸಿಗೆ ಹಿಡಿದಿರುತ್ತಿದ್ದುದರಿಂದ ಒಲೆ, ನೀರು, ಬೀಸುಕಲ್ಲು ಎಲ್ಲವೂ ಚಿಗವ್ವನ ಪಾಲಿಗಿದ್ದವು.

ನನಗೆ ಹನ್ನೊಂದು ವರ್ಷವಾದಾಗ, ಬೇಸಿಗೆಯ ಸೂಟಿಯಲ್ಲಿ, ಬಂದ ಕಾಗದ ಮಾತ್ರ ಇಂಗ್ಲಿಷಿನಲ್ಲಿತ್ತು. ಕಾಕಾನ ಅಕ್ಷರವಲ್ಲ, ಆ ಬಿಳಿ ಮುದುಕಿ ಬರೆದದ್ದು. ನೇರಳೆ ಶಾಯಿ, ಓರೆಯಾದ ಸಣ್ಣ ಅಕ್ಷರ. ಅಪ್ಪನಿಗೆ ಕನ್ನಡ, ಮೋಡಿ ಲಿಪಿ ಬರುತ್ತಿದ್ದವು, ಇಂಗ್ಲಿಷ್ ಬರುತ್ತಿರಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಬಲ್ಲವಳೆಂದರೆ ಬೆಳಗಾವಿಯ ಕಾನ್ವೆಂಟಿನಲ್ಲಿ ಓದುತ್ತಿದ್ದ ನಾನೇ. ಎಲ್ಲರ ನಡುವೆ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಆ ಜಂಬ ನನಗೆ ಇನ್ನೂ ನೆನಪಿದೆ.

ಹಡಗು 'ಲಾಸ್ಟ್ ವಿತ್ ಆಲ್ ಹ್ಯಾಂಡ್ಸ್' ಎಂದು ಕಾಗದದಲ್ಲಿತ್ತು. ಒಂದೊಂದು ಶಬ್ದವೂ ನನಗೆ ಗೊತ್ತಿದ್ದದ್ದೇ. ಲಾಸ್ಟ್ ಎಂದರೆ ಕಳೆಯುವುದು, ಹ್ಯಾಂಡ್ಸ್ ಎಂದರೆ ಕೈಗಳು.

"ಹಡಗ ಕಳದೈತಂತ," ಎಂದೆ. "ಎಲ್ಲಾರ ಕೈನೂ ಹೋಗ್ಯಾವಂತ."

ಮುಂದಿನ ಸಾಲಿನಲ್ಲಿ, ಅವನ ಪೆಟ್ಟಿಗೆ ನನ್ನ ಮನೆಯಲ್ಲಿದೆ, ಏನು ಮಾಡಲಿ ತಿಳಿಸಿ ಎಂದು ಮುದುಕಿ ಕೇಳಿದ್ದಳು.

"ಪೆಟ್ಟಿಗಿ ಅಲ್ಲೇ ಐತಿ ಅಂದ್ರ ಅಂವಾನೂ ಅಲ್ಲೇ ಅದಾನ," ಎಂದಳು ಆಯಿ. "ಕೈ ಹೋದ್ರ ಹೋಗ್ಲಿ. ಜೀವ ಐತಲ್ಲ."

ಹೀಗೆ ನನ್ನ ಬಾಯಿಂದ ಕಾಕಾ ಕೈಯಿಲ್ಲದೆ ಬದುಕಿಕೊಂಡ. ನಾಚಿಕೆಗೆ ಊರಿಗೆ ಬರುತ್ತಿಲ್ಲ ಎಂದು ಮನೆಯೆಲ್ಲ ನಂಬಿತು. ಸೂಟಿಗೆ ಬಂದ ಸೋದರತ್ತೆಯ ಮಕ್ಕಳು ಒಂದು ಆಟ ಕಂಡುಹಿಡಿದರು: ಕೈ ಬೆನ್ನಿಗೆ ಕಟ್ಟಿಕೊಂಡು ತಾಟಿಗೆ ಬಾಯಿ ಹಚ್ಚಿ ಅನ್ನ ತಿನ್ನುವುದು. ಯಾರು ಮೊದಲು ಮುಗಿಸುತ್ತಾರೋ ಅವರು ಕಾಕಾ. ನಾನು ಎರಡು ಸಲ ಗೆದ್ದೆ. ಮೂಗಿಗೆ ಮೆತ್ತಿದ ಮಜ್ಜಿಗೆ ಅನ್ನವನ್ನು ಚಿಗವ್ವ ತನ್ನ ಸೆರಗಿನಿಂದಲೇ ಒರೆಸಿದಳು. ಬೈಯಲಿಲ್ಲ.

ಆಯಿ ಇನ್ನೊಂದು ರೂಢಿ ಹಾಕಿದಳು. ಊಟಕ್ಕೆ ಕುಳಿತವಳು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆಯುತ್ತಿದ್ದಳು.

"ತಿನಸು. ಈಗಿಂದನ ರೂಢಿ ಮಾಡ್ಕೋ. ನಾಳೆ ಗಂಡ ಬಂದ್ರ ನೀನ ಬಾಯಾಗ ಇಡಬೇಕಲ್ಲ."

ಚಿಗವ್ವ ಎದುರು ಕುಳಿತು ರೊಟ್ಟಿ ಮುರಿದು ಪಲ್ಯ ಹಚ್ಚಿ ತುತ್ತು ಇಡುತ್ತಿದ್ದಳು. ತುತ್ತು ದೊಡ್ಡದಾದರೆ ಆಯಿ ಅದನ್ನು ಮತ್ತೆ ತಾಟಿಗೇ ಉಗುಳುತ್ತಿದ್ದಳು. "ಅಂವಾ ಏನ್ ಎತ್ತೇನ? ಸಣ್ಣದ ಮಾಡು."

ಮಳೆಗಾಲಕ್ಕೆ ಮುಂಚೆ ಚಿಗವ್ವನ ಅಣ್ಣ ಹಂಸಭಾವಿಯಿಂದ ಬಂದ. ಹಾನಗಲ್ಲಿನಲ್ಲಿ ಹೆಂಡತಿ ಸತ್ತ ಒಬ್ಬ ರೈತನಿದ್ದಾನೆ, ಮೂರು ವರ್ಷದ ಮಗಳಿದ್ದಾಳೆ, ತಂಗಿಯನ್ನು ಕೇಳಿದ್ದಾನೆ ಎಂದ. ನಮ್ಮ ಜನದಲ್ಲಿ ಗಂಡ ಸತ್ತವಳನ್ನು ಉಡಿಕಿ ಮಾಡಿ ಇನ್ನೊಬ್ಬನಿಗೆ ಕೊಡುವ ಪದ್ಧತಿ ಇತ್ತು. ಗಂಡ ಬದುಕಿದ್ದರೆ ಮಾತ್ರ, ಇವಳನ್ನು ಬಿಟ್ಟಿದ್ದೇನೆ ಎಂದು ಅವನೇ ಸೋಡಚೀಟಿ ಬರೆದುಕೊಡಬೇಕು.

"ಅವರು ಬರೂದಿಲ್ಲ ಅಂದಮ್ಯಾಲ ಒಂದು ಸೋಡಚೀಟಿ ಆದ್ರೂ ತರಸ್ರಿ," ಎಂದು ಅಣ್ಣ ಕೈಮುಗಿದ. "ನನ್ನ ತಂಗೀ ಇಡೀ ಬಾಳೇವು ಹಾಳಾಗತೈತ್ರಿ."

ಆಯಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

"ತರಸೂಣಲ್ಲ. ಬರೀಲಿಕ್ಕೆ ಅವಗ ಕೈ ಎಲ್ಲಿ ಅದಾವೋ ತಮ್ಮಾ?"

ಪಡಸಾಲೆಯಲ್ಲಿ ಕುಳಿತ ಗಂಡಸರು ನಕ್ಕರು. ಅಪ್ಪನ ಮೀಸೆಯೂ ಅಲುಗಿತು. ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ಚಿಗವ್ವನ ಕಾಲಬೆರಳುಗಳು ಕಾಣುತ್ತಿದ್ದವು. ಎರಡು ಉಂಗುರಗಳ ನಡುವೆ ಹಿಟ್ಟು ಒಣಗಿತ್ತು. ಬಹಳ ಹೊತ್ತು ಅವು ಅಲ್ಲೇ ಇದ್ದವು, ಆಮೇಲೆ ಹಿಂದಕ್ಕೆ ಸರಿದವು.

ಕಾನ್ವೆಂಟಿನಲ್ಲಿ ಮರುವರ್ಷ ನಮಗೆ ಭೂಗೋಳ ಕಲಿಸಲು ಬಂದ ಸಿಸ್ಟರ್ ಇಂಗ್ಲೆಂಡಿನ ಕಡಲಂಚಿನ ಹಳ್ಳಿಯವರು. ಆ ಹಳ್ಳಿ ನಮ್ಮ ನಕಾಶೆಯಲ್ಲಿರಲಿಲ್ಲ. ಪೆನ್ಸಿಲಿನಿಂದ ಅವರೇ ಒಂದು ಚುಕ್ಕೆ ಇಟ್ಟು ತೋರಿಸಿದರು. ಮೀನಿನ ಸುಗ್ಗಿಯಲ್ಲಿ ನಮ್ಮಷ್ಟೇ ವಯಸ್ಸಿನ ಹುಡುಗಿಯರು ಬೆರಳುಗಳಿಗೆಲ್ಲ ಬಟ್ಟೆಯ ಪಟ್ಟಿ ಸುತ್ತಿಕೊಂಡು, ದಂಡೆಯಲ್ಲಿ ಸಾಲಾಗಿ ನಿಂತು ಮೀನು ಸೀಳುತ್ತಿದ್ದರಂತೆ. ಗಾಯಕ್ಕೆ ಉಪ್ಪು ಹೊಕ್ಕರೂ ಹಾಡು ನಿಲ್ಲಿಸುವಂತಿರಲಿಲ್ಲವಂತೆ. ಗಂಡಸರ ಉಣ್ಣೆಯ ಅಂಗಿಗೆ ಒಂದೊಂದು ಮನೆಯವರು ಒಂದೊಂದು ಹೆಣಿಗೆ ಹಾಕುತ್ತಿದ್ದರಂತೆ. ಚಂದಕ್ಕಲ್ಲ. ಮೂರು ವಾರ ನೀರಿನಲ್ಲಿದ್ದ ಹೆಣಕ್ಕೆ ಮುಖ ಉಳಿದಿರುವುದಿಲ್ಲ. ಹೆಣಿಗೆ ನೋಡಿಯೇ ಇವನು ನನ್ನವನು ಎಂದು ತಾಯಿ ಹೇಳಬೇಕಲ್ಲ, ಅದಕ್ಕೆ. ನಮ್ಮೂರ ಇಗರ್ಜಿಯ ಗೋಡೆಯಲ್ಲಿ ಒಂದು ಹಲಗೆ ಇದೆ, ಅದರಲ್ಲಿ ನನ್ನ ಅಣ್ಣನ ಹೆಸರೂ ಇದೆ ಎಂದು ಸಿಸ್ಟರ್ ಹೇಳಿ, ಹಲಗೆಯ ಮೇಲೆ ಕೆತ್ತಿದ ಮಾತನ್ನು ಬಾಯಿಪಾಠದಂತೆ ಅಂದರು. ಅದೇ ನಾಲ್ಕು ಶಬ್ದ.

ನಾನು ಎದ್ದು ನಿಂತೆ. "ಎಲ್ಲರ ಕೈಗಳೂ ಒಟ್ಟಿಗೇ ಹೇಗೆ ಹೋಗುತ್ತವೆ, ಸಿಸ್ಟರ್?"

ತರಗತಿಯೆಲ್ಲ ನಕ್ಕಿತು. ಸಿಸ್ಟರ್ ನಗಲಿಲ್ಲ. "ಅಲ್ಲಿ ಹ್ಯಾಂಡ್ಸ್ ಎಂದರೆ ಕೈಯಲ್ಲ ಮಗು, ಹಡಗಿನ ಆಳುಗಳು. ಒಬ್ಬನೂ ಉಳಿಯಲಿಲ್ಲ ಎಂದು ಅದರ ಅರ್ಥ."

ದೀಪಾವಳಿಗೆ ಮನೆಗೆ ಬಂದವಳೇ ಅಂಗಡಿಗೆ ಓಡಿದೆ. ಅಪ್ಪ ಅಂಗೈಯಲ್ಲಿ ಜೋಳ ಹರವಿಕೊಂಡು ಹುಳ ನೋಡುತ್ತಿದ್ದ. ಒಂದೇ ಉಸಿರಿನಲ್ಲಿ ಹೇಳಿದೆ: ನಾನು ತಪ್ಪು ಓದಿದ್ದೆ, ಕಾಕಾ ಸತ್ತಿದ್ದಾನೆ, ಚಿಗವ್ವನನ್ನು ಹಾನಗಲ್ಲಿಗೆ ಕೊಡಬಹುದು.

"ಗೊತ್ತೈತಿ," ಎಂದ ಅಪ್ಪ. ಕಾಗದ ಬಂದ ವಾರದಲ್ಲೇ ಸವಣೂರಿನ ಒಬ್ಬ ವಕೀಲರ ಕಡೆ ಓದಿಸಿದ್ದನಂತೆ. "ನಿಮ್ಮ ಆಯಿಗೂ ಅವತ್ತ ಹೇಳೇನಿ."

ಆಯಿಗೆ ಗೊತ್ತಿತ್ತು. ಗೊತ್ತಿದ್ದೇ ಬಾಯಿ ತೆರೆದು ಕೂರುತ್ತಿದ್ದಳು.

"ನಿಮ್ಮವ್ವಗ ಎದ್ದು ಒಂದ ರೊಟ್ಟಿ ಬಡಿಯಾಕ ಆಗೂದಿಲ್ಲ. ಅಕಿ ಹೋದ್ರ ಈ ಮನಿ ನಡಸವ್ರು ಯಾರು? ಮತ್ತ ನಿನ್ನ ಲಗ್ನ ಆಗಬೇಕು. ಸೊಸೀನ್ನ ಉಡಿಕಿಗೆ ಕಳಿಸಿದ ಮನಿ ಅಂದ್ರ ದೊಡ್ಡ ಮನಿತನದವರು ಹೆಣ್ಣು ಒಯ್ಯಾಂಗಿಲ್ಲ. ತಿಳೀತಿಲ್ಲೋ? ಬಾಯಿ ಮುಚ್ಕೊಂಡಿರು."

ಕೈಗೆ ಒಂದು ಮುಷ್ಟಿ ಉತ್ತತ್ತಿ ಕೊಟ್ಟ. ನಾನು ತಿನ್ನುತ್ತ ಮನೆಗೆ ಬಂದೆ.

ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಹಾನಗಲ್ಲಿನವನು ಎರಡು ವರ್ಷ ಕಾದು ಬೇರೆ ಹೆಣ್ಣು ತಂದ. ಆ ಸುದ್ದಿ ಹೇಳಲು ಬಂದ ಅಣ್ಣನಿಗೆ ಚಿಗವ್ವ ಅವಲಕ್ಕಿ ಹಚ್ಚಿಕೊಟ್ಟಳು. "ಆ ಹುಡುಗಿ ಚಲೋ ಅದಾಳೇನು?" ಎಂದು ಕೇಳಿದಳು. ಕೇಳಿದ್ದು ಹೊಸ ಹೆಂಡತಿಯ ಬಗ್ಗೆ ಅಲ್ಲ, ಆಗ ಮೂರು ವರ್ಷದವಳಿದ್ದ ಆ ಮಗಳ ಬಗ್ಗೆ. ಅವಳನ್ನು ಚಿಗವ್ವ ಕಂಡೇ ಇರಲಿಲ್ಲ.

ಯುದ್ಧದ ಕಾಲದಲ್ಲಿ, ಸಕ್ಕರೆ ಸಿಗದ ದಿನಗಳಲ್ಲಿ, ಹಿರೇಕೆರೂರಿನ ದೊಡ್ಡ ಮನೆಗೆ ನನ್ನ ಮದುವೆಯಾಯಿತು. ಅರಿಷಿಣ ಹಚ್ಚಿದ ಐದು ಮುತ್ತೈದೆಯರಲ್ಲಿ ಚಿಗವ್ವ ಒಬ್ಬಳು. ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಬಂದವಳೂ ಅವಳೇ. ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಎರಡು ತಾಸು ತಡ. ಬೇವಿನ ಮರದ ಕೆಳಗೆ ಗಂಟಿನ ಮೇಲೆ ಕುಳಿತು, ನನ್ನ ಗಂಡನ ಮನೆಯ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ವಿಚಾರಿಸುತ್ತಿದ್ದಳು. ಆಗ ಹೇಳಿಬಿಟ್ಟೆ. ಎಲ್ಲವನ್ನೂ, ಉತ್ತತ್ತಿಯನ್ನೂ ಬಿಡದೆ.

ಅವಳು ಕೂಗಲಿಲ್ಲ, ಅಳಲಿಲ್ಲ. "ಹಂಗಾರ ಅವರ ಕೈ ಇದ್ದುವು," ಎಂದಳು.

"ಹೂಂ ಚಿಗವ್ವಾ."

ನನ್ನ ಮೈಮೇಲಿನ ಹೊಸ ಇಳಕಲ್ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. "ನಿನ್ನ ಲಗ್ನ ಆತಲ್ಲ. ಈಗ ಹೇಳಬಹುದಾತು."

ಮನೆ ಮುಟ್ಟಿದವಳೇ ಆಯಿಯ ಮುಂದೆ ನಿಂತು, "ಅವರು ಸತ್ತು ಏಳು ವರ್ಷ ಆತಂತ," ಎಂದಳು. ನಾನು ಏನೇನೋ ನಿರೀಕ್ಷಿಸಿದ್ದೆ. ಆಯಿ ಮಗ್ಗುಲು ಬದಲಿಸಿ, "ತಿಳೀತಲ್ಲ? ಹಂಗಾರ ಬಳಿ ಒಡದು ಒಳಗ ಬಾ," ಎಂದಳು.

ಮರುದಿನ ಹಿತ್ತಲಲ್ಲಿ ಆ ಕೆಲಸ ಮುಗಿಯಿತು. ಗಂಡ ಸತ್ತಾಗ ಸಿಗಬಹುದಾಗಿದ್ದ ಒಂದೇ ಲಾಭ ಉಡಿಕಿ. ಅದರ ವಯಸ್ಸು ದಾಟಿತ್ತು. ಉಳಿದದ್ದೆಲ್ಲ ಒಂದೇ ದಿನದಲ್ಲಿ ಅವಳಿಗೆ ಸಂದಿತು. ಅಡಿಗೆಮನೆ ಮಾತ್ರ ಮೊದಲಿನ ಹಾಗೇ ಅವಳದು. ನಿಜ ಹೇಳಿ ನಾನು ಹಗುರಾದೆ. ಅವಳು ಇದ್ದ ಕುಂಕುಮವನ್ನೂ ಕಳೆದುಕೊಂಡಳು.

ಚೊಚ್ಚಲ ಬಾಣಂತನಕ್ಕೆ ನಾನು ಶಿಗ್ಗಾಂವಿಗೇ ಬಂದೆ. ನನ್ನ ಮೈಗೆ ಎಣ್ಣೆ ತಿಕ್ಕಿದವಳು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದವಳು ಚಿಗವ್ವ. ಕೂಸು ಅಳು ನಿಲ್ಲಿಸುತ್ತಿದ್ದುದು ಅವಳ ಹೆಗಲ ಮೇಲೆ ಮಾತ್ರ. ತೊಟ್ಟಿಲಿಗೆ ಹಾಕುವ ದಿನ ಹಿರೇಕೆರೂರಿನಿಂದ ಅತ್ತೆಯವರು ಬಂದರು. ಪಡಸಾಲೆಯಲ್ಲಿ ಚಿಗವ್ವನನ್ನು ಕಂಡು, ನನ್ನ ಕಿವಿಗೆ ಬಾಗಿ, "ಅಕೀ ಈ ಕಡೆ ಸುಳೀಬಾರದು, ನೋಡು," ಎಂದರು.

ಬೇರೆಯವರ ಬಾಯಿಂದ ಹೇಳಿಸಬಹುದಿತ್ತು. ನಾನೇ ಹೇಳಿದೆ. "ಚಿಗವ್ವಾ, ನೀ ಒಳಗ ಇರು."

"ಹೋಳಿಗಿ ಇನ್ನೂ ಲಟ್ಟಸೂದೈತಿ," ಎಂದು ಅವಳು ಒಳಗೆ ಹೋದಳು.

ತೊಟ್ಟಿಲ ಸುತ್ತ ಮುತ್ತೈದೆಯರು ನಿಂತರು. ಕೂಸು ಅಳಲು ಹತ್ತಿತು. ಅತ್ತೆ ಎತ್ತಿಕೊಂಡರು, ನಿಲ್ಲಲಿಲ್ಲ. ಸೋದರತ್ತೆ ಎತ್ತಿಕೊಂಡಳು, ನಿಲ್ಲಲಿಲ್ಲ. ಉಸಿರು ಕಟ್ಟಿ ತುಟಿ ನೀಲಿಯಾಗುವಷ್ಟು ಅತ್ತಿತು. ಒಳಗೆ ಲಟ್ಟಣಿಗೆಯ ಸದ್ದು ಒಮ್ಮೆ ನಿಂತಿತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಕರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಲಟ್ಟಣಿಗೆ ಮತ್ತೆ ಶುರುವಾಯಿತು.