ಉಳ್ಳಾರ್ತಿ ಕಾವಲಿನಲ್ಲಿ ಇಳಿದ ಗ್ಲೈಡರ್

ಮೇಲಿನಿಂದ ಜಾಲಿ ಪೊದೆಗಳಂತೆ ಕಂಡಿದ್ದ ಚುಕ್ಕೆಗಳು ನಾನು ಕೆಳಗೆ ಬರುತ್ತಿದ್ದಂತೆ ನಡೆಯತೊಡಗಿದವು. ಕುರಿಗಳು! ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನಲ್ಲಿ ಇಳಿಯಲೆಂದು ನಾನು ಆರಿಸಿಕೊಂಡ ಜಾಗದ ತುಂಬ ಕುರಿಗಳು. ನಮ್ಮ ಕ್ಲಬ್ಬಿನ ಗ್ಲೈಡರಿಗೆ ಎಂಜಿನ್ ಇಲ್ಲ. ಯುಗಾದಿ ಹೊತ್ತಿನ ಬಿಸಿಗಾಳಿ ಮೇಲಕ್ಕೆತ್ತುವಷ್ಟು ಹೊತ್ತು ಹಾರಾಟ. ಗಾಳಿ ಕೈಬಿಟ್ಟರೆ ಇಳಿಯಲೇಬೇಕು, ಮತ್ತೆ ಏರುವ ಮಾತೇ ಇಲ್ಲ.

ಅಷ್ಟರಲ್ಲಿ ಕುರಿ ಕಾಯುತ್ತಿದ್ದ ಹಿರಿಯ ಹೆಂಗಸೊಬ್ಬರು ಎದ್ದು ಬಲಕ್ಕೆ ಓಡಿದರು. ಓಡುತ್ತಲೇ ಬಾಯಿಗೆ ಕೈಯಿಟ್ಟು ಕೂಗು ಹಾಕಿದರು. ಇಡೀ ಹಿಂಡು ಅವರ ಹಿಂದೆಯೇ ಹರಿದುಹೋಯಿತು. ಖಾಲಿಯಾದ ಹುಲ್ಲಿನ ಮೇಲೆ ನಾನು ಇಳಿದೆ.

ಹೊರಬಂದವನೇ ಕೈಮುಗಿದೆ. “ಅವ್ವಾ, ನಾನು ಬರೋದು ಹೆಂಗೆ ಗೊತ್ತಾತು?”

“ಸದ್ದು ಮಾಡೋ ಇಮಾನಕ್ಕೆ ನನ್ನ ಕುರಿ ತಲೆ ಎತ್ತಲ್ಲಪ್ಪಾ. ನೀನು ತೋಳ ಬಂದಂಗೆ ಸದ್ದಿಲ್ದೆ ಬಂದೆ, ಎಲ್ಲಾ ತಲೆ ಎತ್ತಿದ್ವು. ತೋಳ ಬಂದಾಗ ಹಾಕೋ ಕೂಗೇ ಹಾಕ್ದೆ, ನನ್ನ ಹತ್ರ ಓಡಿ ಬಂದ್ವು,” ಎಂದರು. ಆಮೇಲೆ ಗದರಿದರು: “ಇನ್ನೊಂದ್ಸಲ ಬರೋದಾದ್ರೆ ಕೂಗಿ ಬಾ!”

ಈಗ ಕಾವಲಿನ ಮೇಲೆ ತಗ್ಗಿ ಹಾರುವಾಗಲೆಲ್ಲ ಪಕ್ಕದ ಪುಟ್ಟ ಕಿಟಕಿ ಸರಿಸಿ “ಅವ್ವಾ, ನಾನೇ!” ಎಂದು ಕೂಗುತ್ತೇನೆ. ಎಂಜಿನ್ ಇಲ್ಲವಲ್ಲ, ಕೂಗು ನೆಲದವರೆಗೂ ಕೇಳಿಸುತ್ತದೆ. ಕೆಳಗೆ ಕೋಲೊಂದು ಮೇಲೇಳುತ್ತದೆ. ಕುರಿಗಳು ಮಾತ್ರ ಈಗ ತಲೆ ಎತ್ತುವುದಿಲ್ಲ.