ಮಾತು ಬಿಟ್ಟುಕೊಡದ ವಕೀಲಬಾಯಿ

ವಕೀಲಬಾಯಿ ನಕ್ಕರೆ ಬಾಯಿಯ ಎಡತುದಿ ಮಾತ್ರ ಮೇಲೇರುತ್ತಿತ್ತು. ಬಲಗೆನ್ನೆ, ಆ ನಗೆ ಬೇರೆ ಯಾರದ್ದೋ ಎಂಬಂತೆ, ಜೋತುಬಿದ್ದೇ ಇರುತ್ತಿತ್ತು. ಮದುವೆಮನೆಯಲ್ಲಿ ಫೋಟೋದವನು ಉಪಾಯವಾಗಿ "ಸ್ವಲ್ಪ ಆ ಕಡೆ ತಿರುಗಿ" ಎಂದರೆ ಬೇಕೆಂದೇ ಆ ಕೆನ್ನೆಯನ್ನು ಮುಂದೊಡ್ಡುತ್ತಿದ್ದರು. "ಇದೂ ನನ್ನ ಮಾರೀನ ಅಲ್ಲೇನು? ಇದನ್ನೂ ತಗೀಲಿ" ಎಂದು ನನ್ನ ಕಿವಿಯಲ್ಲಿ ಗೊಣಗುತ್ತಿದ್ದರು.

ಬೆಳಗಾವಿ ಕಡೆಯವರು. ಮದುವೆಯಾಗಿರಲಿಲ್ಲ. ತಂಗಿಯೊಂದಿಗೆ ಪುಣೆಯ ನಿಗಡಿಯಲ್ಲಿ ಮನೆ, ಕೆಲಸ ಶಿವಾಜಿನಗರದ ಕೋರ್ಟಿನಲ್ಲಿ. ಧಾರವಾಡದಿಂದ ಬಂದು ಪುಣೆಯಲ್ಲಿ ಕಾನೂನು ಓದಿದ ನನ್ನನ್ನು ಜೂನಿಯರ್ ಮಾಡಿಕೊಂಡವರು ಅವರೇ. ಅವರ ಮರಾಠಿ ಕೇಳಿದವರು ಅವರನ್ನು ಇಲ್ಲಿಯವರೇ ಅಂದುಕೊಳ್ಳುತ್ತಿದ್ದರು. ಆದರೆ ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸರು ಕೋರ್ಟಿನ ಗೇಟಿನಲ್ಲೇ ಅವರ ಕನ್ನಡವನ್ನು ಹುಡುಕಿಕೊಂಡು ನಿಂತಿರುತ್ತಿದ್ದರು. ನಾವೆಲ್ಲ ಬಾಯಿ ಎಂದು ಕರೆಯುತ್ತಿದ್ದ ಅವರು ಹೊಸಬರಿಗೆ ಮೊದಲು ಹೇಳುತ್ತಿದ್ದುದು ಇಷ್ಟೇ: "ಒಳಗ ಅಳಬ್ಯಾಡ್ರಿ. ಅಳೂದೇನಿದ್ರೂ ಹೊರಗ ಬಂದ ಮ್ಯಾಲೆ. ಒಳಗ ಬರೇ ಮಾತು."

ಒಂದು ಬೆಳಿಗ್ಗೆ ಆ ಮಾತೇ ನಿಂತುಹೋಯಿತು. ವಕೀಲರ ಕೋಣೆಯಲ್ಲಿ ಕೊರಳಿಗೆ ಬಿಳಿ ಬ್ಯಾಂಡ್ ಕಟ್ಟಿಕೊಳ್ಳುತ್ತಿದ್ದವರ ಬಲಗೈ ಸರ್ರನೆ ಕೆಳಗೆ ಜಾರಿತು. ನನ್ನತ್ತ ನೋಡಿ ಏನೋ ಹೇಳಿದರು. ಸರಿಯಾಗಿಯೇ ಹೇಳುತ್ತಿದ್ದೇನೆಂಬ ನಂಬಿಕೆ ಅವರ ಕಣ್ಣಿನಲ್ಲಿತ್ತು. ಕೇಳಿಸಿದ್ದು ಮಾತ್ರ ಬರೀ ತೊದಲು. ಲಕ್ವಾ ಹೊಡೆದಿತ್ತು. ಬೇಗ ಕರೆತಂದದ್ದರಿಂದ ಜೀವ ಉಳಿಯಿತು ಎಂದರು ಡಾಕ್ಟರು. ಮಾತು ಎಷ್ಟು ಮರಳುತ್ತದೆಂದು ಹೇಳಲು ಅವರು ಒಪ್ಪಲಿಲ್ಲ.

ಮನೆಗೆ ಬಂದ ಮೇಲೆ ಕೋಲು ಹಿಡಿದು ನಡೆಯತೊಡಗಿದರು. ಬಾಯಿಗೆ ಮರಳಿದ್ದು ಒಂದೇ ಶಬ್ದ: "ಇಲ್ಲ." ಊಟವಾಯಿತೇ ಎಂದರೆ, ಕೈ ತೊಳೆದುಕೊಂಡು ಕುಳಿತವರೇ "ಇಲ್ಲ" ಎನ್ನುತ್ತಿದ್ದರು. ಹೆಸರು ಕೇಳಿದರೂ "ಇಲ್ಲ." ತಮ್ಮ ಬಾಯಿಯಿಂದ ಅದೇ ಹೊರಟಾಗ ಸಿಟ್ಟಿಗೆದ್ದು ಕೋಲಿನಿಂದ ನೆಲ ಕುಟ್ಟುತ್ತಿದ್ದರು. ಒಂದು ದಿನ ಹಿರಿಯ ವಕೀಲರೊಬ್ಬರು ನೋಡಲು ಬಂದು, ಕೇಸುಗಳನ್ನೆಲ್ಲ ಬೇರೆಯವರಿಗೆ ಒಪ್ಪಿಸಿ ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದರು. "ಇಲ್ಲ" ಎಂದರು ಬಾಯಿ. ಆ ಸಲದ "ಇಲ್ಲ" ಮಾತ್ರ ತಪ್ಪಿ ಬಂದದ್ದಲ್ಲ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು.

ಅವರ ಕೈಯಲ್ಲಿದ್ದ ಕೇಸುಗಳಲ್ಲಿ ಒಂದು ಯಾದಗಿರಿ ಕಡೆಯ ಹೆಂಗಸಿನದು. ಆಕೆಯ ಗಂಡ ಜಗಳವಾಡಿಕೊಂಡು ಮಗಳನ್ನು ಕರೆದೊಯ್ದು ಭೋರ್ ಎಂಬ ಊರಿನಲ್ಲಿ ತನ್ನ ಅಕ್ಕನ ಮನೆಯಲ್ಲಿ ಬಿಟ್ಟಿದ್ದ. ಮಗಳನ್ನು ವಾರಕ್ಕೊಮ್ಮೆ ನೋಡುವ ಆದೇಶವನ್ನು ನಾನು ಹೇಗೋ ಪಡೆದೆ. ಕೊನೆಯ ವಾದಕ್ಕೆ ಬೇರೆ ಯಾರನ್ನಾದರೂ ಹಿಡಿಯೋಣವೇ ಎಂದು ಕೇಳಿದಾಗ ಆಕೆ ಬೇಡವೆಂದು ತಲೆಯಾಡಿಸಿದಳು. "ಯಕ್ಕಾ, ನಮ್ಮ ಬಾಯಾರು ಮಾತಾಡತಾರ. ನಾವು ಮಾತಾಡಸ್ತೀವಿ, ನೀ ನೋಡ್ತಿರು."

ಅಂದಿನಿಂದ ಭಾನುವಾರವೆಂದರೆ ಆಕೆ, ಜೊತೆಗೆ ಅವಳ ಸೈಟಿನ ಹೆಂಗಸರು, ನಿಗಡಿಯ ಮನೆಯಲ್ಲಿ ಹಾಜರು. ನೆಲದ ಮೇಲೆ ಕುಳಿತು ತಂಗಿಗೆ ಸೊಪ್ಪು ಸೋಸಿಕೊಡುತ್ತ ಬಾಯಿಗೆ ಒಂದೊಂದೇ ತರಕಾರಿ ತೋರಿಸುವರು. "ಇದಕ್ಕೇನಂತಾರ್ರೀ ಬಾಯಾರ?" ಬಾಯಿ ತುಟಿ ಕಚ್ಚಿ ಕುಳಿತಿರುತ್ತಿದ್ದರು. ಒಂದು ಸಲ ಯಾದಗಿರಿಯಾಕೆ ಬದನೆಕಾಯಿ ಎತ್ತಿ ಹಿಡಿದು, "ಇದು ಉಳ್ಳಾಗಡ್ಡಿ ಹೌದಲ್ರೀ?" ಎಂದಳು. ಬಾಯಿಯ ಮುಖ ಕೆಂಪಾಯಿತು. "ಹೌದ್ರಿ, ಉಳ್ಳಾಗಡ್ಡೀನ" ಎಂದಳು ಇನ್ನೊಬ್ಬಳು.

"ಬ... ಬದನಿಕಾಯಿ!" ಎಂದು ಚೀರಿದರು ಬಾಯಿ.

ಎದುರಿನವರ ಸುಳ್ಳು ಹೇಳಿಕೆಯನ್ನು ಜೀವಮಾನದಲ್ಲಿ ಒಮ್ಮೆಯೂ ಸುಮ್ಮನೆ ಬಿಟ್ಟವರಲ್ಲ ಅವರು. ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾತಿನ ಅಭ್ಯಾಸ ಮಾಡಿಸಲು ಬರುತ್ತಿದ್ದ ಹುಡುಗಿಗೆ ಇದನ್ನು ಹೇಳಿದಾಗ ಅವಳು ಬಿದ್ದುಬಿದ್ದು ನಕ್ಕು, ಮರಾಠಿಯಲ್ಲಿಯೂ ಅದೇ ಆಟ ಹೂಡಿದಳು.

ತಿಂಗಳುಗಳ ಮೇಲೆ, ಕೊನೆಯ ವಾದದ ದಿನ, ಬಾಯಿ ಕೋಲೂರಿಕೊಂಡು ಕೋರ್ಟಿಗೆ ಬಂದರು. ಕನ್ನಡ ಸಾಕಷ್ಟು ಮರಳಿತ್ತು, ಮರಾಠಿ ಇನ್ನೂ ಕುಂಟುತ್ತಿತ್ತು. ಯಾರೋ ಕುರ್ಚಿ ತಂದಿಟ್ಟರು; ನ್ಯಾಯಾಧೀಶರೂ ಕುಳಿತೇ ಮಾತನಾಡಿ ಎಂದರು. ಅವರು ಕೂರಲಿಲ್ಲ. ಶಬ್ದಕ್ಕೆ ತಡಕಾಡಿದಾಗಲೆಲ್ಲ ಎದುರು ವಕೀಲ, ಕನಿಕರದಿಂದಲೋ ಆತುರದಿಂದಲೋ, ತಾನೇ ಶಬ್ದ ಹೊಂದಿಸಿ ವಾಕ್ಯ ಮುಗಿಸತೊಡಗಿದ. ಬಾಯಿ ಎಡಗೈ ಎತ್ತಿದರು. "ಶಬ್ದ ನನಗೆ ಸಿಗುತ್ತದೆ. ನೀವು ಕಾಯಿರಿ" ಎಂದರು ಮರಾಠಿಯಲ್ಲಿ. ಆತ ಕುಳಿತುಬಿಟ್ಟ. ಬಾಯಿಯ ಹಣೆಯಿಂದ ಬೆವರು ಇಳಿಯುತ್ತಿತ್ತು. ಕೊನೆಗೆ ಹೇಳಿದರು: "ಅಪ್ಪ ಹೇಳಿದ. ತಾಯಿ ಹೇಳಿದಳು. ನಾವೂ ಹೇಳಿದೆವು. ಆ ಹುಡುಗಿಯನ್ನು ಯಾರೂ ಕೇಳಿಲ್ಲ. ಕೇಳಿ."

ನ್ಯಾಯಾಧೀಶರು ಹುಡುಗಿಯನ್ನು ತಮ್ಮ ಕೋಣೆಗೆ ಕರೆಸಿ ಮಾತಾಡಿದರು. ಕೆಲವು ವಾರಗಳ ನಂತರ ಆದೇಶ ಬಂತು: ಮಗಳು ತಾಯಿಯ ಬಳಿಗೆ. ಅಂದು ತಾಯಿ ಕೋರ್ಟಿನ ಒಳಗೇ ಅತ್ತಳು. ಬಾಯಿ ಬೈಯಲಿಲ್ಲ.

ಮರುವರ್ಷ ನನ್ನ ಅಪ್ಪನಿಗೂ ಲಕ್ವಾ ಹೊಡೆಯಿತು. ಧಾರವಾಡದಿಂದ ಪುಣೆಯ ನನ್ನ ಮನೆಗೆ ಕರೆತಂದೆ. ಅಪ್ಪ ಗೋಡೆಗೆ ಮುಖಮಾಡಿ ಮಲಗಿದವರು ಮಾತಿಗೆ ಪ್ರಯತ್ನಿಸುವುದನ್ನೇ ಬಿಟ್ಟರು. ಬಾಯಿ ಬಂದು ಮಂಚದ ಪಕ್ಕ ಕುಳಿತು "ಹೆಂಗಿದ್ದೀರಿ?" ಎಂದರು. "ಈಗ ಆರಾಮ ಅದಾರ್ರಿ" ಎಂದೆ ನಾನು.

"ನಿನ್ನ ಕೇಳಿಲ್ಲ. ಹೊರಗ ಹೋಗು."

ಆಮೇಲೆ ದಿನವೂ ಬಂದರು. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದಾಗ ಬಾಗಿಲಾಚೆ ಅವರ ದನಿ ಏರಿತು. "ಏನೇ ಅನ್ರಿ, ನಿಮ್ಮ ಧಾರವಾಡ ಪೇಢೆದಾಗ ಏನೂ ಇಲ್ಲ. ಬೆಳಗಾವಿ ಕುಂದಾದ ಮುಂದ ಅದೇನು ಸಿಹೀನ?" ಬಳಿಕ ಅಪ್ಪನ ದನಿ, ಒಡೆದು, ಸಿಟ್ಟಿನಿಂದ: "ಸು... ಸುಳ್ಳು!" ಬಾಯಿ ಗಹಗಹಿಸಿ ನಗುವುದು ಕೇಳಿಸಿತು. "ಇನ್ನೊಮ್ಮೆ ಅನ್ರಿ! ಜೋರ್ಲೆ ಅನ್ರಿ!"

ಈ ಮಳೆಗಾಲ ಮುಗಿಯುವ ಹೊತ್ತಿಗೆ ಎರಡನೆಯ ಸಲ ಬಂದ ಲಕ್ವಾ ಬಾಯಿಯನ್ನು ಉಳಿಸಲಿಲ್ಲ. ವಕೀಲರ ಸಭಾಂಗಣದಲ್ಲಿ ಸಂತಾಪ ಸಭೆ ಸೇರಿತು. ಅಪ್ಪ ಹಟಮಾಡಿ ಬಂದಿದ್ದರು. ಯಾದಗಿರಿಯಾಕೆ ಮಗಳೊಂದಿಗೆ ಹಿಂದೆ ನಿಂತಿದ್ದಳು. ಮೌನ ಆಚರಿಸೋಣವೆಂದು ಅಧ್ಯಕ್ಷರು ಹೇಳಿದರು. ಎಲ್ಲರೂ ಎದ್ದು ತಲೆ ತಗ್ಗಿಸಿದರು. ಆ ಮೌನದ ನಡುವೆ ಅಪ್ಪ ಗಟ್ಟಿಯಾಗಿ ಕನ್ನಡದಲ್ಲಿ ಹೇಳತೊಡಗಿದರು: "ಅವ್ರಿಗೆ... ಸುಮ್ಮನಿರೂದು..." ಶಬ್ದ ಸಿಗದೆ ನಿಂತರು. ಜನ ತಿರುಗಿ ನೋಡಿದರು. ಆ ಶಬ್ದ ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಬಾಯಿ ತೆರೆಯಲಿಲ್ಲ, ಕಾದೆ.

"...ಸೇರತಿದ್ದಿಲ್ಲ" ಎಂದರು ಅಪ್ಪ. "ಮಾತಾಡ್ರಿ."

ಹಿಂದಿನಿಂದ ಯಾದಗಿರಿಯಾಕೆ ಮಗಳ ಕೈ ಹಿಡಿದು ಮುಂದೆ ಬಂದಳು, ಮೈಕಿನ ಎದುರು ನಿಂತು ಕನ್ನಡದಲ್ಲಿಯೇ ಮಾತು ಶುರುಮಾಡಿದಳು.